ಕೊನೆಯ ದಿನ ಯಾರಿಗೆ ಹೇಳಿ ಹೊರಡಬೇಕು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಹುಕಾಲ ಇದ್ದು, ಒಗ್ಗಿ, ಒಲಿದುಹೋದ ನಗರವೊಂದನ್ನು ಬಿಟ್ಟು ಹೊರಡುವ ದಿನದ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಹುಟ್ಟಿದೂರಿನ ಮಾತು ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ. ಓದಿಗೋ ಕೆಲಸಕ್ಕೋ ಹೋಗಿ ಸೇರಿಕೊಂಡ ಊರು. ಮೊದಮೊದಲು ದಾರಿ ತಪ್ಪಿ ಅಲೆದು, ಬರುಬರುತ್ತ ಹೊಸಬರಿಗೆ ನಾವೇ ದಾರಿ ತೋರಿಸುವಷ್ಟು ಪಳಗಿ, ಕಡೆಗೊಂದು ದಿನ ಸಾಮಾನು ಕಟ್ಟಿ, ಮನೆ ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ ಹೊರಡಬೇಕಾಗಿ ಬರುವ ಊರು. ಈ ಸಭೆಯಲ್ಲಿ ಅಂಥದೊಂದು ಊರನ್ನು ಎದೆಯಲ್ಲಿಟ್ಟುಕೊಂಡವರು ಅನೇಕರಿದ್ದೀರಿ ಎಂದು ನನ್ನ ಎಣಿಕೆ.

ಆ ಕೊನೆಯ ದಿನ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಚ್ಚಿನ ಜಾಗಗಳಿಗೆಲ್ಲ ಮತ್ತೊಮ್ಮೆ ಓಡುತ್ತಾರೆ. ಹೊಳೆಯ ದಂಡೆ, ಗುಡ್ಡದ ತುದಿ, ಆ ಹಳೆಯ ಕಟ್ಟಡ, ಸಾಲುಮರದ ಆ ರಸ್ತೆ. ಎಲ್ಲ ಕಡೆಯೂ ಒಂದೊಂದು ಫೋಟೋ. ಸಂಜೆಯಾದ ಮೇಲೆ ತೀರ ಹತ್ತಿರದ ನಾಲ್ಕು ಜನರೊಡನೆ ಕೂತು ತಡರಾತ್ರಿಯವರೆಗೆ ಮಾತಾಡುತ್ತಾರೆ. ಎರಡೂ ಸಹಜ, ಎರಡೂ ಚೆಂದ. ಆದರೆ ಕೊನೆಯ ದಿನವನ್ನು ಈ ಎರಡಕ್ಕೂ ಕೊಡಬಾರದು, ಇನ್ನೊಂದು ಬಗೆಯ ಜನರಿಗಾಗಿ ತೆಗೆದಿಡಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಯಾಕೆ ಎಂದು ಹೇಳುವ ಮೊದಲು ಊರು ಬಿಟ್ಟುಹೋದ ಕೆಲವರನ್ನು ನಿಮ್ಮೆದುರು ತರುತ್ತೇನೆ.

ಮೊದಲು ಜಾಗಗಳ ವಿಚಾರ. ಜರ್ಮನಿಯ ಕವಿ ಗಯಟೆ ರೋಮ್ ನಗರಕ್ಕೆ ಬಂದದ್ದು 1786ರ ಅಕ್ಟೋಬರ್ ಕೊನೆಯಲ್ಲಿ. ನಡುವೆ ನೇಪಲ್ಸ್, ಸಿಸಿಲಿಗಳಿಗೆ ಹೋಗಿಬಂದದ್ದು ಬಿಟ್ಟರೆ 1788ರ ಏಪ್ರಿಲಿನವರೆಗೂ ಅಲ್ಲೇ ಇದ್ದ. ತನ್ನೂರಿನಲ್ಲಿ ಮಂತ್ರಿಯಾಗಿದ್ದವನು ಇಲ್ಲಿ ಹೆಸರು ಮರೆಸಿಕೊಂಡು ಒಬ್ಬ ಚಿತ್ರಕಾರನೆಂದು ಹೇಳಿಕೊಂಡು, ಕಲಾವಿದ ಗೆಳೆಯರ ಜೊತೆ ಕೋರ್ಸೋ ಬೀದಿಯ ಒಂದು ಮನೆಯಲ್ಲಿ ತಂಗಿದ್ದ. ಹೊರಡುವುದಕ್ಕೆ ಮೂರು ರಾತ್ರಿ ಮೊದಲು ಹುಣ್ಣಿಮೆಯ ಚಂದ್ರ ತಿಳಿಯಾದ ಆಕಾಶದಲ್ಲಿ ನಿಂತಿದ್ದನಂತೆ. ಗಯಟೆ ಒಬ್ಬನೇ ಹೊರಟ. ದಿನಾ ಓಡಾಡಿದ ಕೋರ್ಸೋ ಬೀದಿಯಲ್ಲಿ ಕೊನೆಯ ಸಲ ನಡೆದ, ಕ್ಯಾಪಿಟಲ್ ಗುಡ್ಡ ಹತ್ತಿದ, ಇನ್ನೊಂದು ಕಡೆಯಿಂದ ಇಳಿದು ಹಳೆಯ ಕಮಾನುಗಳ ನಡುವೆ ಹಾದು ಕೊಲೋಸಿಯಮ್‌ವರೆಗೆ ಬಂದ. ಸರಳುಗಳ ಸಂದಿನಿಂದ ಒಳಗೆ ಇಣುಕಿದ. ಮೈ ಜುಮ್ಮೆಂದಿತು. ಒಳಗೆ ಕಾಲಿಡದೆ ಹಿಂದಿರುಗಿ ಮನೆಗೆ ನಡೆದ.

ಈ ಹಿಂದಿರುಗುವಿಕೆ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಅಷ್ಟು ಕಾಲ ಆ ನಗರದ ಕಲ್ಲುಕಲ್ಲನ್ನೂ ಅಭ್ಯಾಸ ಮಾಡಿದ್ದ ಮನುಷ್ಯನಿಗೆ ಕೊನೆಯಲ್ಲಿ ಇನ್ನೊಂದು ನೋಟ ಬೇಕಾಗಲಿಲ್ಲ. ತನ್ನ ಅಗಲಿಕೆಯ ಬಗ್ಗೆ ತಾನೇ ಒಂದು ಕವಿತೆ ಬರೆಯಲು ಹೊರಟು ಅದನ್ನೂ ಕೈಬಿಟ್ಟ. ಸಾವಿರದ ಎಂಟುನೂರು ವರ್ಷಗಳ ಹಿಂದೆ ಅದೇ ನಗರ ಬಿಟ್ಟುಹೋದ ಇನ್ನೊಬ್ಬ ಕವಿಯ ಸಾಲುಗಳು ಅವನ ಬಾಯಿಗೆ ಬಂದವು. ಆ ಕವಿಯ ಹತ್ತಿರ ಆಮೇಲೆ ಬರುತ್ತೇನೆ. ಗಯಟೆ 1832ರವರೆಗೆ ಬದುಕಿದ್ದ. ರೋಮನ್ನು ಮತ್ತೆ ನೋಡಲಿಲ್ಲ. ಆದರೂ ಆ ಕೊನೆಯ ನಡಿಗೆಯ ವಿವರಗಳನ್ನು ಅಚ್ಚಿಗೆ ಕೊಟ್ಟದ್ದು ನಲವತ್ತು ವರ್ಷಗಳ ನಂತರ, ಎಂಬತ್ತರ ಹೊಸ್ತಿಲಲ್ಲಿ.

ನಗರ ನಮ್ಮೊಳಗೆ ಉಳಿಯುವುದು ಹೇಗೆ? ಲಂಡನ್ನಿನ ಟ್ಯಾಕ್ಸಿ ಚಾಲಕರ ಮೇಲೆ ನಡೆದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅಲ್ಲಿ ಲೈಸೆನ್ಸ್ ಸಿಗಬೇಕಾದರೆ ನಗರದ ಮಧ್ಯಭಾಗದ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು. ಮೂರು ನಾಲ್ಕು ವರ್ಷ ಹಿಡಿಯುವ ಕೆಲಸ. ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು ಈ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ದಾರಿ ಮತ್ತು ಜಾಗಗಳ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇವರಲ್ಲಿ ಉಳಿದವರಿಗಿಂತ ದೊಡ್ಡದಾಗಿತ್ತು. ಎಷ್ಟು ಹೆಚ್ಚು ವರ್ಷ ಗಾಡಿ ಓಡಿಸಿದ್ದರೋ ಅಷ್ಟು ಹೆಚ್ಚು ವ್ಯತ್ಯಾಸ. ಎಂದರೆ ಊರು ನಮ್ಮೊಳಗೆ ಇಳಿಯುವುದು ಅಲಂಕಾರದ ಮಾತೇನೂ ಆಗಬೇಕಿಲ್ಲ. ವರ್ಷಗಟ್ಟಲೆ ತಿರುಗಿದ ಬೀದಿ ತಲೆಬುರುಡೆಯೊಳಗೆ ಜಾಗ ಮಾಡಿಕೊಂಡೇ ಇರುತ್ತದೆ. ಕೊನೆಯ ದಿನದ ಓಡಾಟ ಅದಕ್ಕೆ ಸೇರಿಸುವುದು ಅತ್ಯಲ್ಪ.

ಕನ್ನಡದವರಾದ ನಮಗೆ ಇದನ್ನು ಪಂಪನೇ ಹೇಳಿಕೊಟ್ಟಿದ್ದಾನೆ. 941ರಲ್ಲಿ ಅವನು ಬರೆದ ಭಾರತದಲ್ಲಿ ಬನವಾಸಿಯ ನೆನಪು ಬರುತ್ತದೆ. ಅಂಕುಶದಿಂದ ತಿವಿದರೂ ಮನಸ್ಸು ಆ ನಾಡನ್ನೇ ನೆನೆಯುತ್ತದೆ ಎಂಬ ಮಾತನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಪದ್ಯದಲ್ಲಿ ನೆನಪನ್ನು ಎಬ್ಬಿಸುವ ವಸ್ತುಗಳು ಯಾವುವು ಎಂಬುದನ್ನು ಒಮ್ಮೆ ಗಮನಿಸಿ. ತೆಂಕಣ ಗಾಳಿ ಮೈಗೆ ಸೋಕುವುದು. ಒಳ್ಳೆಯ ಮಾತು ಕಿವಿಗೆ ಬೀಳುವುದು. ಇಂಪಾದ ಹಾಡು. ಬಿರಿದ ಮಲ್ಲಿಗೆ. ವಸಂತದ ಹಬ್ಬ. ಕೋಟೆಯಿಲ್ಲ, ಗುಡಿಯಿಲ್ಲ, ಅರಮನೆಯಿಲ್ಲ. ನೋಡಲೆಂದು ಹೋಗುವ ಜಾಗ ಒಂದೂ ಇಲ್ಲ. ಹೋದ ಊರಿನಲ್ಲಿ ತಾನಾಗಿ ಬಂದು ತಟ್ಟಿದವು ಮಾತ್ರ ಇವೆ. ಕೊನೆಯ ದಿನ ಕ್ಯಾಮೆರಾ ಹಿಡಿದು ಎಷ್ಟು ಓಡಿದರೂ ಇವು ಸಿಗುವಂಥವಲ್ಲ, ಓಡದಿದ್ದರೂ ಕಳೆದುಹೋಗುವಂಥವಲ್ಲ.

ಇನ್ನೊಂದು ಉದಾಹರಣೆ ಲಖನೌದು. 1856ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನು ನುಂಗಿಕೊಂಡಿತು. ಮಾರ್ಚಿನಲ್ಲಿ ನವಾಬ ವಾಜಿದ್ ಅಲಿ ಶಾ ತನ್ನ ಪ್ರೀತಿಯ ನಗರ ಬಿಟ್ಟು ಕಲ್ಕತ್ತೆಯ ದಾರಿ ಹಿಡಿದ. ಮತ್ತೆ ಮರಳಲಿಲ್ಲ. ಕಲ್ಕತ್ತೆಯ ಅಂಚಿನ ಮಟಿಯಾಬುರ್ಜ್‌ನಲ್ಲಿ 1887ರಲ್ಲಿ ಸಾಯುವವರೆಗೂ ಇದ್ದ. ಅಲ್ಲಿ ಒಂದು ಪುಟ್ಟ ಲಖನೌ ಎದ್ದು ನಿಂತಿತು. ಗೋಮತಿ ನದಿಯನ್ನು ಅವನು ಹೊತ್ತು ತರಲಾರ, ಇಮಾಂಬಾಡಾವನ್ನು ಕಿತ್ತು ತರಲಾರ. ಬಂದವರು ಜನ: ಹಾಡುವವರು, ಕುಣಿಯುವವರು, ಅಡಿಗೆಯವರು, ದರ್ಜಿಗಳು, ಗಾಳಿಪಟದ ಕೈಚಳಕದವರು. ಜನ ಬಂದಲ್ಲಿಗೆ ನಗರವೂ ಬಂತು. ನವಾಬನಿಗೆ ಅದು ಸಾಧ್ಯವಾಯಿತು, ನಮಗೆ ಸಾಧ್ಯವಿಲ್ಲ. ನಾವು ಹೊರಡುವಾಗ ಆ ಜನ ಅಲ್ಲೇ ಉಳಿಯುತ್ತಾರೆ. ಹಾಗಿದ್ದ ಮೇಲೆ ಕೊನೆಯ ದಿನ ಸಲ್ಲಬೇಕಾದ್ದು ಜನರಿಗೆ. ಯಾವ ಜನರಿಗೆ ಎಂಬುದಷ್ಟೇ ಪ್ರಶ್ನೆ.

ಹತ್ತಿರದವರಿಗೆ ಎಂದು ಮನಸ್ಸು ಥಟ್ಟನೆ ಉತ್ತರ ಕೊಡುತ್ತದೆ. ಗಯಟೆಯ ನಾಲಿಗೆಗೆ ಬಂದ ಸಾಲುಗಳನ್ನು ಬರೆದ ಓವಿಡ್‌ನ ಕೊನೆಯ ರಾತ್ರಿ ಹಾಗೆಯೇ ಕಳೆಯಿತು. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಡದ ತೋಮಿಸ್ ಎಂಬ ಊರಿಗೆ ಗಡೀಪಾರು ಮಾಡಿದ. ಇಂದಿನ ರುಮೇನಿಯಾದ ಕಾನ್‌ಸ್ಟಾಂಟಾ ನಗರ ಇರುವುದು ಅಲ್ಲೇ. ಆ ರಾತ್ರಿಯನ್ನು ಅವನೇ ವರ್ಣಿಸಿದ್ದಾನೆ. ಯಾವ ಬಟ್ಟೆ ಇಟ್ಟುಕೊಳ್ಳಲಿ, ಆಳುಗಳಲ್ಲಿ ಯಾರನ್ನು ಕರೆದೊಯ್ಯಲಿ ಎಂದು ಯೋಚಿಸಲೂ ಆಗದಂತೆ ಮನಸ್ಸು ಮರಗಟ್ಟಿತ್ತು. ಮಗಳು ದೂರದ ಆಫ್ರಿಕಾದಲ್ಲಿದ್ದಳು, ಅವಳಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಹೆಂಡತಿ ತೆಕ್ಕೆಗೆ ಬಿದ್ದು ಅಳುತ್ತಿದ್ದಳು. ಅಷ್ಟು ದೊಡ್ಡ ಸ್ನೇಹಿತರ ಬಳಗದಲ್ಲಿ ಒಬ್ಬಿಬ್ಬರು ಮಾತ್ರ ಉಳಿದಿದ್ದರು. ಮೂರು ಸಲ ಹೊಸ್ತಿಲು ಮುಟ್ಟಿದ, ಮೂರು ಸಲವೂ ಕಾಲು ಹಿಂದಕ್ಕೆಳೆಯಿತು. ಬರುತ್ತೇನೆ ಎಂದ ಮೇಲೂ ಮತ್ತೆ ಮಾತು, ಹೇಳಿದ ಮಾತನ್ನೇ ಮತ್ತೆ ಹೇಳುವುದು, ಇದೇ ಕೊನೆಯದೆಂದು ಮುತ್ತಿಟ್ಟು ಮತ್ತೆ ಇನ್ನೊಂದು. ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವನು ತೋಮಿಸ್‌ನಲ್ಲೇ ಸತ್ತ. 2017ರ ಡಿಸೆಂಬರಿನಲ್ಲಿ ರೋಮಿನ ನಗರಸಭೆ ಆ ಗಡೀಪಾರನ್ನು ರದ್ದುಮಾಡುವ ನಿರ್ಣಯ ಅಂಗೀಕರಿಸಿತು. ಎರಡು ಸಾವಿರ ವರ್ಷ ತಡವಾದರೂ ಒಂದು ನಗರಕ್ಕೆ ಹಾಗೆ ಅನಿಸಿತಲ್ಲ, ಅದು ದೊಡ್ಡದು.

ಕೊನೆ ಹತ್ತಿರ ಬಂದಾಗ ನಾವು ಆಪ್ತರ ಕಡೆಗೇ ಸರಿಯುತ್ತೇವೆ ಎಂಬುದನ್ನು ಮನಃಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಮತ್ತು ಅವರ ಸಂಗಡಿಗರು ಸರಳವಾದ ಪ್ರಶ್ನೆಯಿಂದ ತೋರಿಸಿದ್ದಾರೆ. ನಿಮಗೆ ಅರ್ಧ ಗಂಟೆ ಬಿಡುವಿದೆ. ಮನೆಯವರೊಬ್ಬರು, ಈಚೆಗೆ ಪರಿಚಯವಾದವರೊಬ್ಬರು, ನೀವು ಓದಿದ ಪುಸ್ತಕದ ಲೇಖಕರು, ಈ ಮೂವರಲ್ಲಿ ಯಾರ ಜೊತೆ ಕಳೆಯುತ್ತೀರಿ? ವಯಸ್ಸಾದವರು ಹೆಚ್ಚಾಗಿ ಮನೆಯವರನ್ನು ಆರಿಸಿದರು, ಕಿರಿಯರಲ್ಲಿ ಅಂಥ ಒಲವು ಕಾಣಲಿಲ್ಲ. ಆದರೆ ನೀವು ಸದ್ಯದಲ್ಲೇ ಒಬ್ಬರೇ ದೂರದ ಊರಿಗೆ ಹೊರಡುವವರಿದ್ದೀರಿ ಎಂದು ಊಹಿಸಿಕೊಳ್ಳಿ ಎಂದು ಹೇಳಿ ಅದೇ ಪ್ರಶ್ನೆ ಕೇಳಿದಾಗ ಕಿರಿಯರೂ ಆಪ್ತರ ಕಡೆಗೇ ವಾಲಿದರು. 1997ರಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿನಿಂದ ಚೀನಾಕ್ಕೆ ಹಸ್ತಾಂತರವಾಗುವ ಮುನ್ನ ಅಲ್ಲಿಯ ಕಿರಿಯರಲ್ಲೂ ಇದೇ ಕಂಡಿತು. ಊರು ಬಿಡುವುದು ಯಾವ ವಯಸ್ಸಿನವರನ್ನೂ ಸಂಜೆಗಾಲಕ್ಕೆ ತಂದು ನಿಲ್ಲಿಸುತ್ತದೆ.

ನಾನು ಇದನ್ನು ಒಪ್ಪುತ್ತೇನೆ, ಒಪ್ಪಿದ ಮೇಲೆ ಅದಕ್ಕೆ ಎದುರಾಗಿ ವಾದಿಸುತ್ತೇನೆ. ಓವಿಡ್‌ನ ಕಾಲದಲ್ಲಿ ಆಪ್ತರನ್ನು ಬಿಡುವುದೆಂದರೆ ಬಿಟ್ಟಂತೆಯೇ. ಕಾಗದ ಮುಟ್ಟಲು ತಿಂಗಳುಗಳು ಬೇಕಾಗಿದ್ದವು. ಈಗ ಆಪ್ತರು ನಮ್ಮ ಜೊತೆ ಬರುತ್ತಾರೆ. ಅವರ ನಂಬರ್ ಇದೆ, ಮಕ್ಕಳ ಹುಟ್ಟುಹಬ್ಬದ ದಿನ ಗೊತ್ತಿದೆ, ನಾಳೆ ರೈಲು ಹತ್ತಿದ ಮೇಲೂ ಅವರ ಫೋನ್ ಬರುತ್ತದೆ. ಜಾಗಗಳು ತಲೆಯೊಳಗೆ ಬರುತ್ತವೆ. ಹಾಗಾದರೆ ನಾವು ಹೊರಟ ಗಳಿಗೆಯಲ್ಲಿ ನಿಜವಾಗಿ, ಪೂರ್ತಿಯಾಗಿ ಮುಗಿದುಹೋಗುವುದು ಯಾವುದು? ಅರ್ಧ ಪರಿಚಯದವರು. ಹೆಸರು ಗೊತ್ತಿಲ್ಲದ, ಆದರೆ ಮುಖ ಚೆನ್ನಾಗಿ ಗೊತ್ತಿರುವವರು. ಬೆಳಗಿನ ವಾಕಿಂಗ್‌ನಲ್ಲಿ ಎದುರಾಗಿ ತಲೆಯಾಡಿಸುವವರು, ಅದೇ ಬಸ್ಸಿನ ಅದೇ ಸೀಟಿನವರು, ಆಫೀಸಿನ ಗೇಟಿನಲ್ಲಿ ಕೂತವರು, ಎದುರು ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುವವರು. ಇವರನ್ನು ಹುಡುಕಲು ಯಾವ ದಾರಿಯೂ ಇಲ್ಲ. ನಂಬರ್ ಇಲ್ಲ, ಹೆಸರಿಲ್ಲ. ಅವರ ಹೊತ್ತು, ನಮ್ಮ ಹೊತ್ತು, ಆ ರಸ್ತೆ, ಈ ಮೂರೂ ಕೂಡಿದಾಗ ಮಾತ್ರ ಇದ್ದ ಸಂಬಂಧ ಅದು. ಮೂರರಲ್ಲಿ ಒಂದು ಹೋದರೆ ಸಂಬಂಧವೇ ಇಲ್ಲ.

ಇಂಥವರ ಬಗ್ಗೆ ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1972ರಲ್ಲಿ ಬರೆದ ಚಿಕ್ಕ ಲೇಖನವೊಂದಿದೆ. ಅವರ ವಿದ್ಯಾರ್ಥಿಗಳು ರೈಲು ನಿಲ್ದಾಣದಲ್ಲಿ ಬೆಳಿಗ್ಗೆ ಕಾಯುತ್ತ ನಿಂತ ಪ್ರಯಾಣಿಕರ ಫೋಟೋ ತೆಗೆದು, ಪ್ರತಿ ಮುಖಕ್ಕೂ ಒಂದು ನಂಬರ್ ಕೊಟ್ಟು, ಮುಂದಿನ ವಾರ ಅದೇ ಹೊತ್ತಿಗೆ ಅಲ್ಲಿ ನಿಂತವರಿಗೆ ಹಂಚಿ ಯಾರು ಯಾರು ಗೊತ್ತು ಎಂದು ಕೇಳಿದರು. ಸರಾಸರಿಯಲ್ಲಿ ಒಬ್ಬೊಬ್ಬರೂ ನಾಲ್ಕು ಜನರನ್ನು ಗುರುತಿಸಿದರು, ಒಮ್ಮೆಯೂ ಮಾತಾಡಿಸದ ನಾಲ್ಕು ಜನರನ್ನು. ಅವರ ಬಗ್ಗೆ ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡವರೂ ಇದ್ದರು. ಈ ಮೌನ ಉದಾಸೀನವಲ್ಲ, ಇಬ್ಬರೂ ಒಪ್ಪಿ ಕಾಪಾಡಿಕೊಂಡು ಬಂದ ಒಂದು ಬಗೆಯ ಸಂಬಂಧವೇ ಎಂದು ಮಿಲ್‌ಗ್ರಾಂ ವಾದಿಸಿದರು. ಬೀದಿಯಲ್ಲಿ ಕುಸಿದುಬಿದ್ದ ಹೆಂಗಸೊಬ್ಬಳನ್ನು, ಬಹಳ ವರ್ಷ ಮುಖ ನೋಡಿ ಮಾತ್ರ ಬಲ್ಲ ಇನ್ನೊಬ್ಬಳು ಆಂಬುಲೆನ್ಸ್ ಕರೆಸಿ ತಾನೇ ಆಸ್ಪತ್ರೆಗೆ ಕರೆದೊಯ್ದದ್ದನ್ನು ಅವರು ಉಲ್ಲೇಖಿಸುತ್ತಾರೆ. ಮಾತಾಡದೆ ಕಳೆದ ಕಾಲ ಹೆಚ್ಚಿದಷ್ಟೂ ಮಾತು ಶುರುಮಾಡುವುದು ಕಷ್ಟ ಎಂದೂ, ದಿನನಿತ್ಯದ ಚೌಕಟ್ಟು ಮುರಿಯುವಂಥದೇನಾದರೂ ನಡೆದಾಗ ಮಾತು ತಾನಾಗಿ ಹೊರಡುತ್ತದೆ ಎಂದೂ ಹೇಳುತ್ತಾರೆ.

ಈ ಕೊನೆಯ ಮಾತನ್ನು ಹಿಡಿದುಕೊಳ್ಳಿ. ಊರು ಬಿಡುವ ದಿನ ಹಾಗೆ ಚೌಕಟ್ಟು ಮುರಿಯುವ ದಿನ. ವರ್ಷಗಟ್ಟಲೆ ಇಲ್ಲದ ಮಾತಿಗೆ ಅವತ್ತು ನಮ್ಮ ಕೈಯಲ್ಲಿ ಒಂದು ಕಾರಣ ಇರುತ್ತದೆ, ಒಂದೇ ಒಂದು ದಿನದ ಮಟ್ಟಿಗೆ.

ರಾಮಾಯಣದ ಅಯೋಧ್ಯಾಕಾಂಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಒಂದಿದೆ. ಪಟ್ಟಾಭಿಷೇಕ ತಪ್ಪಿದ ಕೋಲಾಹಲವೆಲ್ಲ ಮುಗಿದಿದೆ. ಹಿಂದೆ ಬಂದ ಪುರಜನರು ತಮಸಾ ನದಿಯ ದಡದಲ್ಲಿ ನಿದ್ದೆಯಲ್ಲಿರುವಾಗಲೇ ರಾಮ ಕತ್ತಲಲ್ಲಿ ರಥ ಹೊರಡಿಸಿದ್ದಾನೆ. ಅವರಿಗೆ ಹೇಳಿ ಹೊರಡುವುದು ಅವನಿಂದ ಆಗಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ. ಕೋಸಲದ ಗಡಿ ಬಂತು. ಅಲ್ಲಿ ರಥ ನಿಲ್ಲಿಸಿ, ಅಯೋಧ್ಯೆಯ ಕಡೆ ತಿರುಗಿ, ಕೈಮುಗಿದು, ನಗರಕ್ಕೇ ಮಾತಾಡುತ್ತಾನೆ. ನಗರಗಳಲ್ಲಿ ಶ್ರೇಷ್ಠಳೇ, ನಿನ್ನನ್ನೂ ನಿನ್ನನ್ನು ಕಾಯುತ್ತ ನಿನ್ನಲ್ಲಿ ನೆಲೆಸಿದ ದೇವತೆಗಳನ್ನೂ ಬೀಳ್ಕೊಡಲು ಕೇಳಿಕೊಳ್ಳುತ್ತೇನೆ, ವನವಾಸ ಮುಗಿಸಿ ಋಣ ತೀರಿಸಿ ತಂದೆತಾಯಿಯರೊಡನೆ ಮತ್ತೆ ನಿನ್ನನ್ನು ಕಾಣುತ್ತೇನೆ ಎನ್ನುತ್ತಾನೆ. ಆಮೇಲೆ ಅಲ್ಲಿ ಸೇರಿದ್ದ ಹಳ್ಳಿಯ ಜನರ ಕಡೆ ತೋಳೆತ್ತಿ, ಕಣ್ಣು ತುಂಬಿಕೊಂಡು ಹೇಳುತ್ತಾನೆ: ನನ್ನ ಮೇಲೆ ಕರುಣೆ, ದಯೆ ತೋರಿಸಿದಿರಿ. ದುಃಖವನ್ನು ಬಹಳ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ನಿಮ್ಮ ನಿಮ್ಮ ಕೆಲಸಕ್ಕೆ ಹೋಗಿ.

ಆ ಹಳ್ಳಿಯವರು ಯಾರೋ ವಾಲ್ಮೀಕಿ ಹೇಳುವುದಿಲ್ಲ. ಹೆಸರಿಲ್ಲ. ರಾಮನಿಗೂ ಹೆಸರು ಗೊತ್ತಿದ್ದಿರಲಾರದು. ಕೊನೆಯ ಗಡಿಯಲ್ಲಿ ನಿಂತು ಅವನು ಮಾತಾಡಿಸಿದ್ದು ಅವರನ್ನು. ನೀವು ನನ್ನ ಮೇಲೆ ದಯೆ ತೋರಿಸಿದಿರಿ ಎಂಬ ಒಂದು ಸಾಲು ಹೇಳಿ ಹೋದ. ಕೊನೆಯ ದಿನದ ಮಾತು ಹೀಗಿರಬೇಕು ಎಂದು ನನಗೆ ಅನಿಸುತ್ತದೆ. ಉದ್ದವಿಲ್ಲ, ವಿವರಣೆಯಿಲ್ಲ, ಕೇಳಿದವರಿಗೆ ಹೊರೆಯಿಲ್ಲ.

ನನ್ನದೇ ಒಂದು ಅನುಭವ. ನಾನು ಬಹಳ ವರ್ಷ ಇದ್ದ ನಗರದ ಗ್ರಂಥಾಲಯದಲ್ಲಿ, ನಿಯತಕಾಲಿಕೆಗಳ ವಿಭಾಗದ ಕೌಂಟರಿನಲ್ಲಿ ಒಬ್ಬರು ಕೂರುತ್ತಿದ್ದರು. ವಾರಕ್ಕೆರಡು ಸಲವಾದರೂ ಅವರನ್ನು ನೋಡುತ್ತಿದ್ದೆ. ಚೀಟಿ ಕೊಡುವುದು, ಪತ್ರಿಕೆ ಪಡೆಯುವುದು, ವಾಪಸು ಕೊಡುವುದು, ಇದರಾಚೆ ನಮ್ಮಲ್ಲಿ ಮಾತಿರಲಿಲ್ಲ. ಹೊರಡುವ ದಿನ ಅವರ ಮುಂದೆ ನಿಂತು, ಸರ್, ನಾಳೆಯಿಂದ ನಾನು ಈ ಊರಿನಲ್ಲಿರುವುದಿಲ್ಲ, ಇಷ್ಟು ವರ್ಷ ನಿಮ್ಮಿಂದ ಬಹಳ ಉಪಕಾರವಾಯಿತು, ಹೇಳಿ ಹೋಗೋಣ ಎಂದು ಬಂದೆ ಎಂದೆ. ಅವರು ಎದ್ದು ಕೌಂಟರಿನ ಈಚೆ ಬಂದರು. ಅವರು ಎದ್ದು ನಿಂತದ್ದನ್ನು ನಾನು ನೋಡಿದ್ದೇ ಆಗ. ಬಾಗಿಲವರೆಗೆ ಜೊತೆಗೆ ನಡೆದರು. ನೀವು ಓದುವ ಪತ್ರಿಕೆಗಳು ಯಾವುವು ಎಂದು ನನಗೆ ಗೊತ್ತು ಸಾರ್, ಹೊಸ ಸಂಚಿಕೆ ಬಂದ ದಿನ ಬೈಂಡಿಂಗಿಗೆ ಹಾಕದೆ ನಿಮಗೆಂದು ಕೆಳಗಿನ ಖಾನೆಯಲ್ಲಿ ಇಟ್ಟಿರುತ್ತಿದ್ದೆ ಎಂದರು. ಕೇಳಿದ್ದು ಯಾವಾಗಲೂ ಕೂಡಲೆ ಸಿಗುತ್ತಿತ್ತಲ್ಲ, ಆ ಗ್ರಂಥಾಲಯದ ಶಿಸ್ತು ಅಂಥದು ಎಂದುಕೊಂಡಿದ್ದೆ. ಅದು ಒಬ್ಬ ಮನುಷ್ಯನ ಕೈ.

ಈ ದಿನದ ಸಿಹಿ ಇರುವುದು ಇಲ್ಲಿ. ಹೊಸ ನಗರಕ್ಕೆ ಬಂದಾಗ ನಮ್ಮನ್ನು ಯಾರೂ ನೋಡುವುದಿಲ್ಲ ಎಂಬ ಭಾವನೆಯಿಂದ ಶುರುಮಾಡುತ್ತೇವೆ. ಅದು ಪೂರ್ತಿ ಹೋಗುವುದೇ ಇಲ್ಲ. ಎಷ್ಟು ವರ್ಷವಾದರೂ ಒಳಗೆಲ್ಲೋ ನಾವು ಹೊರಗಿನಿಂದ ಬಂದವರು. ಕೊನೆಯ ದಿನ ಅರ್ಧ ಪರಿಚಯದವರ ಮುಂದೆ ನಿಂತು ಹೊರಡುತ್ತೇನೆ ಎಂದಾಗ, ಅಯ್ಯೋ ಹೌದಾ, ಯಾವ ಊರಿಗೆ, ಯಾಕೆ, ಮನೆಯವರೂ ಬರುತ್ತಾರಾ ಎಂದು ಕೇಳುತ್ತಾರೆ. ಎರಡು ವಾರ ನೀವು ಕಾಣಲಿಲ್ಲ, ಹುಷಾರಿರಲಿಲ್ಲವೇನೋ ಅಂದುಕೊಂಡೆ ಎಂದು ಹಿಂದಿನ ವರ್ಷದ ಮಾತು ತೆಗೆಯುತ್ತಾರೆ. ಆ ನಗರ ನಮ್ಮನ್ನು ಗಮನಿಸಿತ್ತು, ಲೆಕ್ಕಕ್ಕೆ ಹಿಡಿದಿತ್ತು. ಇದು ಹೊರಡುವವರಿಗೆ ಮಾತ್ರ ತಿಳಿಯುವ ಸಂಗತಿ, ಅದೂ ಹೇಳಿ ಹೊರಡುವವರಿಗೆ ಮಾತ್ರ. ಕಹಿಯೂ ಅಲ್ಲೇ ಇದೆ. ತಿಳಿದ ದಿನವೇ ಬಿಡಬೇಕು.

ಹಾಗಿದ್ದರೂ ಯಾಕೆ ಹೇಳುವುದಿಲ್ಲ? ಸಂಕೋಚ. ಅವರಿಗೇನು ಆಗಬೇಕು, ಏನೋ ಒಂಥರಾ ಅನಿಸಬಹುದು ಎಂದು ಹಿಂಜರಿಯುತ್ತೇವೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಬದುಕಿನಲ್ಲಿ ಒಳಿತು ಮಾಡಿದವರಿಗೆ ಒಂದು ಕೃತಜ್ಞತೆಯ ಪತ್ರ ಬರೆಯಲು ಜನರಿಗೆ ಹೇಳಿದರು. ಓದಿದವರಿಗೆ ಎಷ್ಟು ಸಂತೋಷ, ಎಷ್ಟು ಮುಜುಗರ ಆಗಬಹುದು ಎಂದು ಬರೆದವರಿಂದ ಊಹೆ ಪಡೆದರು. ಆಮೇಲೆ ಪತ್ರ ತಲುಪಿದವರನ್ನೇ ಕೇಳಿದರು. ಬರೆದವರು ಮುಜುಗರವನ್ನು ಹೆಚ್ಚಾಗಿಯೂ ಸಂತೋಷವನ್ನು ಕಡಿಮೆಯಾಗಿಯೂ ಊಹಿಸಿದ್ದರು. ನಾವು ಯೋಚಿಸುವುದು ಪದ ಸರಿಬರುತ್ತದೋ ಇಲ್ಲವೋ ಎಂದು. ಎದುರಿನವರಿಗೆ ತಟ್ಟುವುದು ನಮ್ಮ ಮನಸ್ಸು. ಹೆಸರು ಕೇಳದೇ ಇಷ್ಟು ವರ್ಷ ಇದ್ದೆವಲ್ಲ ಎಂಬ ನಾಚಿಕೆ ಬೇಡ. ಹೆಸರು ಅವತ್ತು ಕೇಳಬಹುದು, ಕೇಳದೆಯೂ ಇರಬಹುದು.

ಅದರ ಏರ್ಪಾಡು ಹೇಗೆ ಎಂದು ನನ್ನನ್ನು ಕೇಳಿದವರಿಗೆ ಹೇಳುವುದು ಇಷ್ಟು. ಇಂಥವರು ತಮ್ಮ ಹೊತ್ತಿನಲ್ಲಿ ಮಾತ್ರ ಸಿಗುತ್ತಾರೆ. ಆರು ಗಂಟೆಯ ವಾಕಿಂಗಿನವರು ಎಂಟಕ್ಕೆ ಇರುವುದಿಲ್ಲ, ಬೆಳಗಿನ ಪಾಳಿಯ ಕಾವಲಿನವರು ಮಧ್ಯಾಹ್ನ ಇರುವುದಿಲ್ಲ. ಆದ್ದರಿಂದ ಕೊನೆಯ ದಿನ ಮಾಮೂಲಿ ದಿನದ ಹಾಗೆಯೇ ನಡೆಯಬೇಕು. ಅದೇ ಹೊತ್ತಿಗೆ ಏಳುವುದು, ಅದೇ ದಾರಿ ಹಿಡಿಯುವುದು, ಅದೇ ಬಸ್ಸಿನಲ್ಲಿ ಹೋಗಿ ಅದೇ ಬಸ್ಸಿನಲ್ಲಿ ಬರುವುದು. ಸಾಮಾನು ಕಟ್ಟುವ ಕೆಲಸ ಹಿಂದಿನ ದಿನವೇ ಮುಗಿದಿರಬೇಕು. ಟೇಪು, ಹಗ್ಗ, ರಟ್ಟಿನ ಡಬ್ಬಿಗಳ ನಡುವೆ ಸಿಕ್ಕಿಬಿದ್ದವರಿಗೆ ಕೊನೆಯ ದಿನ ಸಿಗುವುದೇ ಇಲ್ಲ. ಆಪ್ತರ ಕೂಟವನ್ನು ಹಿಂದಿನ ವಾರಕ್ಕೆ ಇಟ್ಟುಕೊಳ್ಳಿ. ಹೊರಡುವ ದಿನ ಭಾನುವಾರವಾದರೆ ಈ ಲೆಕ್ಕದಲ್ಲಿ ನಿಮ್ಮ ಕೊನೆಯ ದಿನ ಅದಕ್ಕೂ ಹಿಂದಿನ ಕೆಲಸದ ದಿನ. ಕಾಣಿಕೆ ಕೊಡಬೇಕೆ ಎಂದು ಕೆಲವರು ಕೇಳುತ್ತಾರೆ. ಕೊಡದಿರುವುದೇ ಒಳ್ಳೆಯದು. ಕೈಯಲ್ಲಿ ವಸ್ತು ಬಂದ ಕೂಡಲೆ ಎದುರಿನವರು ತಿರುಗಿ ಏನು ಕೊಡಲಿ ಎಂದು ತಡಬಡಾಯಿಸುತ್ತಾರೆ, ಮಾತು ಕೆಡುತ್ತದೆ.

ಅವತ್ತು ಕಣ್ಣು ತುಂಬುತ್ತದೆ ಎಂದು ಹೆದರಬೇಡಿ. ಹಾಲ್ ಅರ್ಸ್‌ನರ್ ಹರ್ಷ್‌ಫೀಲ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಅರ್ಥಪೂರ್ಣವಾದ ಜಾಗವೊಂದರಲ್ಲಿ ಇದೇ ಕೊನೆಯ ಸಲ ನಿಂತಿದ್ದೇವೆ ಎಂದು ಊಹಿಸಿಕೊಂಡವರು ಸುಖದುಃಖ ಎರಡನ್ನೂ ಬೆರೆಸಿ ಅನುಭವಿಸಿದರು. ಪದವಿ ಪಡೆದ ದಿನ, ಇದು ವಿದ್ಯಾರ್ಥಿಯಾಗಿ ನಿಮ್ಮ ಕೊನೆಯ ದಿನ ಎಂದು ನೆನಪಿಸಿದವರಲ್ಲೂ ಹಾಗೆಯೇ ಆಯಿತು. ಇನ್ನೂ ಹಿಂದೆ, 1963ರಲ್ಲಿ, ಮಾರ್ಕ್ ಫ್ರೀಡ್ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಬಡಾವಣೆಯವರ ಬಗ್ಗೆ ಬರೆದರು. ನಗರ ನವೀಕರಣದ ಹೆಸರಿನಲ್ಲಿ ಆ ಬಡಾವಣೆಯನ್ನೇ ಕೆಡವಿಹಾಕಿದ್ದರು. ಎರಡು ವರ್ಷವಾದ ಮೇಲೂ ಅಲ್ಲಿಯ ಅನೇಕರು ಸಾವಿನ ಮನೆಯವರಂತೆ ಶೋಕಿಸುತ್ತಿದ್ದರು. ಯಾರು ಆ ಜಾಗಕ್ಕೆ ಹೆಚ್ಚು ಅಂಟಿಕೊಂಡಿದ್ದರೋ ಅವರ ಶೋಕ ಹೆಚ್ಚು. ಅವರಿಗೆ ಇನ್ನೊಂದು ಕಷ್ಟವಿತ್ತು. ಅವರು ಹೊರಡಲಿಲ್ಲ, ಅವರನ್ನು ಚದುರಿಸಲಾಯಿತು. ಎಲ್ಲರೂ ಒಟ್ಟಿಗೆ ಹೋಗಬೇಕಾಗಿ ಬಂದಾಗ ಉಳಿಯುವವರು ಯಾರು, ಹೇಳುವುದು ಯಾರಿಗೆ? ನಮಗೆ ಹೇಳಲು ಜನ ಉಳಿದಿರುತ್ತಾರೆ. ಅದು ದೊಡ್ಡ ಭಾಗ್ಯ ಎಂದು ನಾನು ತಿಳ್ಕೊಂಡಿದ್ದೇನೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ದಾಖಲಿಸುತ್ತೇನೆ. ಹಿರಿಯರೊಬ್ಬರು ಎದ್ದು ನಿಂತು, ನಾನು ವರ್ಗವಾಗಿ ಒಂದು ಊರು ಬಿಟ್ಟು ಬಂದು ಎಷ್ಟೋ ಕಾಲವಾಯಿತು, ಯಾರಿಗೂ ಹೇಳದೆ ಬಂದೆ, ಈಗ ಏನು ಮಾಡಲಿ ಎಂದು ಕೇಳಿದರು. ಓವಿಡ್ ತೋಮಿಸ್‌ನಿಂದ ರೋಮಿಗೆ ವರ್ಷಗಟ್ಟಲೆ ಪದ್ಯರೂಪದ ಪತ್ರಗಳನ್ನು ಬರೆಯುತ್ತಲೇ ಇದ್ದ, ನೀವೂ ಬರೆಯಬಹುದು ಎಂದೆ. ಹೆಸರು ಗೊತ್ತಿಲ್ಲವಲ್ಲ ಎಂದರು. ಜಾಗಕ್ಕೆ ಬರೆಯಿರಿ, ಇಂಥ ಕಚೇರಿಯಲ್ಲಿ ಇಂಥ ವರ್ಷ ಬೆಳಗಿನ ಪಾಳಿಯಲ್ಲಿ ಬಾಗಿಲಲ್ಲಿ ಇದ್ದವರಿಗೆ ಎಂದು ಮೇಲೆ ಬರೆದರೆ ಸಾಕು, ಒಳಗಿರುವ ಯಾರಿಗಾದರೂ ಅವರು ಯಾರೆಂದು ಗೊತ್ತಿರುತ್ತದೆ. ಅವರೇ ಇಲ್ಲದಿದ್ದರೆ ಮನೆಯವರಿಗೆ ಮುಟ್ಟಿಸುತ್ತಾರೆ ಎಂದೆ. ಅವರು ಸ್ವಲ್ಪ ಯೋಚಿಸಿ, ವಿಳಾಸ ಪಿನ್ ಕೋಡ್ ಸಮೇತ ಬಾಯಿಗೇ ಇದೆ ಎಂದರು. ಹಾಗಾದರೆ ಇವತ್ತೇ ಬರೆದುಬಿಡಿ ಸರ್ ಎಂದೆ.